ಜತ್ತಿಯವರ ಹೆಸರಿಗೆ ಕ್ರಮಸಂಖ್ಯೆ ಏಕಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರು ತೀರಿಕೊಂಡಾಗ ಅವರ ಸ್ಥಾನಕ್ಕೆ ಬಂದ ಮೊದಲ ಉಪಾಧ್ಯಕ್ಷ ಜಾನ್ ಟೈಲರ್ ಎಂದು ಓದಿದೆ. ಅವರನ್ನು ಆ ದೇಶದ 10ನೇ ಅಧ್ಯಕ್ಷರೆಂದು ಎಣಿಸುತ್ತಾರೆ. ನಮ್ಮ ಬಿ. ಡಿ. ಜತ್ತಿಯವರೂ 1977ರಲ್ಲಿ ರಾಷ್ಟ್ರಪತಿ ನಿಧನರಾದಾಗ ಅದೇ ರೀತಿ ಆ ಸ್ಥಾನಕ್ಕೆ ಬಂದವರಲ್ಲವೇ? ಶಾಲೆಯ ಗೋಡೆಯ ಮೇಲಿನ ರಾಷ್ಟ್ರಪತಿಗಳ ಪಟ್ಟಿಯಲ್ಲಿ ಅವರಿಗೆ ಸಂಖ್ಯೆಯೇ ಇಲ್ಲ. ಇದು ಕನ್ನಡಿಗರೊಬ್ಬರಿಗೆ ಆದ ಅನ್ಯಾಯವೇ? ಇಬ್ಬರ ಜೀವನವನ್ನೂ ತಿಳಿಸಿ.
— ಓದುಗರೊಬ್ಬರು, ಬಂಡಳ್ಳಿ, ಹನೂರು ತಾಲ್ಲೂಕು

ಉತ್ತರ: ಅನ್ಯಾಯವಲ್ಲ. ನಮ್ಮ ಸಂವಿಧಾನವನ್ನು ಬರೆದವರು ಯೋಚಿಸಿಯೇ ಮಾಡಿದ ಏರ್ಪಾಡು ಅದು. ಆದರೆ ಸಂಖ್ಯೆ ಇಲ್ಲ ಎಂಬ ಕಾರಣಕ್ಕೆ ಜತ್ತಿಯವರನ್ನು ನಾವು ಮರೆತುಬಿಟ್ಟಿದ್ದೇವಲ್ಲ, ಅದು ಮಾತ್ರ ಅನ್ಯಾಯವೇ. ಸ್ವತಂತ್ರ ಭಾರತದ ಅತ್ಯಂತ ಬಿಕ್ಕಟ್ಟಿನ ದಿನಗಳಲ್ಲಿ ರಾಷ್ಟ್ರಪತಿಯ ಸಹಿ ಅವರದಾಗಿತ್ತು. ಇಬ್ಬರ ಕತೆಯನ್ನೂ ಹೇಳುತ್ತೇನೆ. ಹಳೆಯದರಿಂದ ಶುರು ಮಾಡೋಣ.

ಜಾನ್ ಟೈಲರ್ ಹುಟ್ಟಿದ್ದು 1790ರ ಮಾರ್ಚ್ 29ರಂದು, ವರ್ಜೀನಿಯಾದಲ್ಲಿ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ತಂದೆ ನ್ಯಾಯಾಧೀಶರಾಗಿದ್ದವರು, ಮುಂದೆ ವರ್ಜೀನಿಯಾದ ಗವರ್ನರ್ ಆದವರು, ಥಾಮಸ್ ಜೆಫರ್ಸನ್ ಅವರ ಗೆಳೆಯರು. ಗುಲಾಮರನ್ನು ದುಡಿಸಿಕೊಂಡು ಬದುಕುವ ಜಮೀನ್ದಾರಿ ಮನೆತನ ಅದು. ಮಗನೂ ಕೊನೆಯವರೆಗೆ ಗುಲಾಮರ ಒಡೆಯನಾಗಿಯೇ ಉಳಿದ ಎಂಬುದನ್ನು ಮರೆಮಾಚುವಂತಿಲ್ಲ. ಟೈಲರ್ 17ನೇ ವಯಸ್ಸಿಗೆ ಕಾಲೇಜು ಮುಗಿಸಿದರು, ಕಾನೂನು ಓದಿದರು, 21ನೇ ವಯಸ್ಸಿಗೆ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು. ಆಮೇಲೆ ಕೇಂದ್ರದ ಪ್ರತಿನಿಧಿ ಸಭೆ, 1825ರಿಂದ 1827ರವರೆಗೆ ವರ್ಜೀನಿಯಾದ ಗವರ್ನರ್ ಹುದ್ದೆ, ಅಲ್ಲಿಂದ ಸೆನೆಟ್.

ಸೆನೆಟ್‌ನಲ್ಲಿ ನಡೆದ ಒಂದು ಪ್ರಸಂಗ ಅವರ ಸ್ವಭಾವವನ್ನು ತೋರಿಸುತ್ತದೆ. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರ ವಿರುದ್ಧ ಸೆನೆಟ್ ಹಿಂದೆ ಖಂಡನಾ ನಿರ್ಣಯವೊಂದನ್ನು ಅಂಗೀಕರಿಸಿತ್ತು. ಅದನ್ನು ಕಡತದಿಂದ ಅಳಿಸುವ ಪರವಾಗಿ ಮತ ಹಾಕಬೇಕೆಂದು ವರ್ಜೀನಿಯಾದ ಶಾಸನಸಭೆ 1836ರಲ್ಲಿ ತನ್ನ ಸೆನೆಟರುಗಳಿಗೆ ಸೂಚಿಸಿತು. ಆ ಕಾಲದಲ್ಲಿ ಸೆನೆಟರುಗಳನ್ನು ಆರಿಸುತ್ತಿದ್ದದ್ದು ರಾಜ್ಯದ ಶಾಸನಸಭೆಯೇ. ಆರಿಸಿದವರ ಮಾತಿಗೆ ವಿರುದ್ಧವಾಗಿ ನಡೆಯುವುದು ತಪ್ಪು, ಮನಸ್ಸಾಕ್ಷಿಗೆ ವಿರುದ್ಧವಾಗಿ ಮತ ಹಾಕುವುದೂ ತಪ್ಪು ಎಂದುಕೊಂಡ ಟೈಲರ್ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. ಹಟವಾದಿ, ಆದರೆ ಹಟಕ್ಕೆ ಬೆಲೆ ತೆರಲು ಸಿದ್ಧರಿದ್ದವರು.

1840ರ ಚುನಾವಣೆಯಲ್ಲಿ ವಿಗ್ ಪಕ್ಷ ಹಿರಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಅಧ್ಯಕ್ಷ ಸ್ಥಾನಕ್ಕೆ, ಟೈಲರ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿ ಗೆದ್ದಿತು. ದಕ್ಷಿಣದ ಮತಗಳು ಬರಲಿ ಎಂದು ಸೇರಿಸಿದ ಹೆಸರು ಟೈಲರ್ ಅವರದು. 1841ರ ಮಾರ್ಚ್ 4ರಂದು ಹ್ಯಾರಿಸನ್ ಪ್ರಮಾಣವಚನ ತೆಗೆದುಕೊಂಡರು. ಏಪ್ರಿಲ್ 4ರಂದು ತೀರಿಕೊಂಡರು. ಅಧಿಕಾರದಲ್ಲಿದ್ದಾಗಲೇ ಅಧ್ಯಕ್ಷರೊಬ್ಬರು ಸತ್ತದ್ದು ಅಮೆರಿಕದಲ್ಲಿ ಅದೇ ಮೊದಲು. ಉಪಾಧ್ಯಕ್ಷರಿಗೆ ರಾಜಧಾನಿಯಲ್ಲಿ ಹೇಳಿಕೊಳ್ಳುವಂಥ ಕೆಲಸ ಇಲ್ಲದಿದ್ದುದರಿಂದ ಟೈಲರ್ ವಿಲಿಯಮ್ಸ್‌ಬರ್ಗ್‌ನ ತಮ್ಮ ಮನೆಯಲ್ಲಿದ್ದರು. ಮರುದಿನ ಬೆಳಗಿನ ಜಾವ ಅಲ್ಲಿಗೇ ಸುದ್ದಿ ಮುಟ್ಟಿತು.

ಈಗ ಏನು ಮಾಡಬೇಕು? ಅಧ್ಯಕ್ಷರು ಸತ್ತರೆ ಅವರ ಅಧಿಕಾರ ಉಪಾಧ್ಯಕ್ಷರಿಗೆ ಹೋಗುತ್ತದೆ ಎಂಬರ್ಥದ ಸಾಲು ಅಮೆರಿಕದ ಸಂವಿಧಾನದಲ್ಲಿತ್ತು. ಹೋಗುವುದು ಕೆಲಸ ಮಾತ್ರವೋ ಅಥವಾ ಹುದ್ದೆಯೇ ಹೋಗುತ್ತದೋ ಎಂಬುದು ಅದರಲ್ಲಿ ಸ್ಪಷ್ಟವಿರಲಿಲ್ಲ. ಹಲವರು ಟೈಲರ್ ಹಂಗಾಮಿ ಅಧ್ಯಕ್ಷ ಮಾತ್ರ ಎಂದು ವಾದಿಸಿದರು. ಹಿಂದೆ ಅಧ್ಯಕ್ಷರಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಅವರ ಅಭಿಪ್ರಾಯವೂ ಅದೇ. ಟೈಲರ್ ಕಾಯಲಿಲ್ಲ. ವಾಷಿಂಗ್ಟನ್‌ಗೆ ಧಾವಿಸಿ ಏಪ್ರಿಲ್ 6ರಂದು, ತಾವು ಇಳಿದುಕೊಂಡಿದ್ದ ಹೋಟೆಲಿನಲ್ಲೇ ಅಧ್ಯಕ್ಷ ಪದವಿಯ ಪ್ರಮಾಣವಚನ ಸ್ವೀಕರಿಸಿದರು. ಹ್ಯಾರಿಸನ್ ಕಾಲದಲ್ಲಿ ಸಚಿವರ ಬಹುಮತದಿಂದ ತೀರ್ಮಾನಗಳಾಗುತ್ತಿದ್ದವು ಎಂದು ಸಚಿವರು ಹೇಳಿದಾಗ, ತಾವು ಅಧ್ಯಕ್ಷರು, ಹೊಣೆ ತಮ್ಮದು, ಒಪ್ಪದವರು ರಾಜೀನಾಮೆ ಕೊಡಬಹುದು ಎಂದು ಉತ್ತರಿಸಿದರು. ಹಂಗಾಮಿ ಅಧ್ಯಕ್ಷ ಎಂಬ ವಿಳಾಸ ಹೊತ್ತು ಬಂದ ಪತ್ರಗಳನ್ನು ಒಡೆಯದೆ ಹಿಂದಕ್ಕೆ ಕಳಿಸುತ್ತಿದ್ದರಂತೆ. ಕೆಲವೇ ವಾರಗಳಲ್ಲಿ ಕಾಂಗ್ರೆಸ್ಸಿನ ಎರಡೂ ಸದನಗಳು ಅವರನ್ನು ಅಧ್ಯಕ್ಷರೆಂದೇ ಕರೆದು ನಿರ್ಣಯ ಮಾಡಿದವು.

ಆ ಒಂದು ಹಟವೇ ದೇಶದ ಪದ್ಧತಿಯಾಗಿ ನಿಂತಿತು. ಟೈಲರ್ ಅವರನ್ನು ಸೇರಿಸಿ ಇದುವರೆಗೆ ಎಂಟು ಮಂದಿ ಉಪಾಧ್ಯಕ್ಷರು ಅಧ್ಯಕ್ಷರ ಸಾವಿನಿಂದ ಆ ಸ್ಥಾನಕ್ಕೆ ಬಂದಿದ್ದಾರೆ. 1865ರಲ್ಲಿ ಲಿಂಕನ್ ಹತ್ಯೆಯಾದಾಗ ಆಂಡ್ರ್ಯೂ ಜಾನ್ಸನ್, 1945ರಲ್ಲಿ ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್, 1963ರಲ್ಲಿ ಕೆನಡಿ ಹತ್ಯೆಯಾದಾಗ ಲಿಂಡನ್ ಜಾನ್ಸನ್ ಹೀಗೇ ಬಂದವರು. ಅವರೆಲ್ಲರೂ ಪೂರ್ಣ ಅಧ್ಯಕ್ಷರೆಂದೇ ಲೆಕ್ಕ. ಈ ಪದ್ಧತಿ ಅಕ್ಷರದಲ್ಲಿ ಕಾನೂನಾದದ್ದು 1967ರಲ್ಲಿ, 25ನೇ ತಿದ್ದುಪಡಿ ಬಂದಾಗ. 126 ವರ್ಷ ಟೈಲರ್ ಹಾಕಿಕೊಟ್ಟ ಮೇಲ್ಪಂಕ್ತಿಯ ಮೇಲೇ ನಡೆದಿತ್ತು.

ಆದರೆ ಅವರ ಆಡಳಿತ ಸುಖವಾಗಿರಲಿಲ್ಲ. ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸಲು ತಮ್ಮದೇ ಪಕ್ಷ ತಂದ ಮಸೂದೆಗಳನ್ನು ಅವರು ಎರಡು ಸಲ ತಿರಸ್ಕರಿಸಿದರು. 1841ರ ಸೆಪ್ಟೆಂಬರಿನಲ್ಲಿ ಡೇನಿಯಲ್ ವೆಬ್‌ಸ್ಟರ್ ಒಬ್ಬರನ್ನು ಬಿಟ್ಟು ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಪಕ್ಷ ಅವರನ್ನು ಉಚ್ಚಾಟಿಸಿತು. ಪಕ್ಷವಿಲ್ಲದ ಅಧ್ಯಕ್ಷರಾಗಿಯೇ ಉಳಿದ ಅವಧಿ ಮುಗಿಸಿದರು. ಬ್ರಿಟನ್ನಿನ ಜೊತೆ ಗಡಿ ಒಪ್ಪಂದ, ಚೀನಾದ ಜೊತೆ ಮೊದಲ ವ್ಯಾಪಾರ ಒಪ್ಪಂದ ಅವರ ಕಾಲದಲ್ಲಾದವು. ಟೆಕ್ಸಾಸನ್ನು ಸೇರಿಸಿಕೊಳ್ಳುವ ನಿರ್ಣಯಕ್ಕೆ 1845ರ ಮಾರ್ಚ್ 1ರಂದು, ಅಧಿಕಾರ ಬಿಡಲು ಮೂರು ದಿನ ಇರುವಾಗ ಸಹಿ ಹಾಕಿದರು. 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ದೇಶ ಒಡೆದಾಗ ಮೊದಲು ಸಂಧಾನಕ್ಕೆ ಪ್ರಯತ್ನಿಸಿದರು. ಆಮೇಲೆ ಬೇರೆಯಾದ ದಕ್ಷಿಣದ ಕಡೆಗೇ ಹೋಗಿ ಅದರ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಆ ಸ್ಥಾನದಲ್ಲಿ ಕೂರುವ ಮೊದಲೇ 1862ರ ಜನವರಿ 18ರಂದು ತೀರಿಕೊಂಡರು. ತಾವೇ ಆಳಿದ ದೇಶದ ವಿರುದ್ಧ ನಿಂತ ಕಾರಣ ವಾಷಿಂಗ್ಟನ್ ಸರ್ಕಾರ ಅವರಿಗೆ ಅಧಿಕೃತ ಶೋಕವನ್ನೂ ಆಚರಿಸಲಿಲ್ಲ.

ಇನ್ನು ನಮ್ಮವರ ವಿಷಯ. ಬಸಪ್ಪ ದಾನಪ್ಪ ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ಬಳಿಯ ಸಾವಳಗಿಯಲ್ಲಿ. ಜಮಖಂಡಿ ಆಗ ಪಟವರ್ಧನ ಮನೆತನ ಆಳುತ್ತಿದ್ದ ಪುಟ್ಟ ಸಂಸ್ಥಾನ. ಕೊಲ್ಹಾಪುರದಲ್ಲಿ ಬಿ.ಎ. ಮತ್ತು ಕಾನೂನು ಓದಿ, ಊರಿಗೆ ಮರಳಿ ವಕೀಲಿ ಶುರು ಮಾಡಿದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯ, 1945ರಲ್ಲಿ ಅದರ ಅಧ್ಯಕ್ಷ. ಪ್ರಜಾ ಪರಿಷತ್ತಿನ ಮುಂದಾಳಾಗಿ ಬೆಳೆದು ಸಂಸ್ಥಾನದ ಮಂತ್ರಿಯಾದರು, ಕೊನೆಗೆ ಮುಖ್ಯಮಂತ್ರಿಯೂ ಆದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಖ್ಯಮಂತ್ರಿಯ ಹುದ್ದೆಯೇ ಇಲ್ಲವಾಯಿತು. ಜತ್ತಿಯವರು ಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ಹೋದರು. ಏರಿದ ಕುರ್ಚಿಯಿಂದ ಇಳಿದು ಮುಂದಿನ ಕೆಲಸಕ್ಕೆ ನಡೆಯುವ ಈ ಗುಣವನ್ನು ಅವರ ಬದುಕಿನಲ್ಲಿ ಮುಂದೆಯೂ ಕಾಣುತ್ತೇವೆ.

ವಿಲೀನವಾದ ಪ್ರದೇಶದ ಪ್ರತಿನಿಧಿಯಾಗಿ ಅವರು ಮುಂಬಯಿ ವಿಧಾನಸಭೆಗೆ ಹೋದರು. ಮುಖ್ಯಮಂತ್ರಿ ಬಿ. ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಯಾದರು. ಮೊರಾರ್ಜಿಯವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನಿಮ್ಮ ಊರಿಗೂ ಜತ್ತಿಯವರಿಗೂ ಸಂಬಂಧ ಕೂಡುವುದು ಇಲ್ಲಿ. 1956ರ ನವೆಂಬರ್ 1ರವರೆಗೆ ಬಂಡಳ್ಳಿ, ಹನೂರು, ಮಹದೇಶ್ವರ ಬೆಟ್ಟ ಎಲ್ಲ ಸೇರಿದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಿಮ್ಮ ಹಿರಿಯರು 1952ರಲ್ಲಿ ಮತ ಹಾಕಿದ್ದು ಮದ್ರಾಸ್ ವಿಧಾನಸಭೆಗೆ. ಜಮಖಂಡಿಯವರು ಹಾಕಿದ್ದು ಮುಂಬಯಿ ವಿಧಾನಸಭೆಗೆ. ಒಂದೇ ದಿನ, ಒಂದು ತೆಂಕಲಿಂದ ಇನ್ನೊಂದು ಬಡಗಲಿಂದ, ಎರಡೂ ವಿಶಾಲ ಮೈಸೂರು ರಾಜ್ಯಕ್ಕೆ ಬಂದು ಸೇರಿದವು. ಎರಡು ವರ್ಷ ಕಳೆಯುವುದರೊಳಗೆ, 1958ರ ಮೇ 16ರಂದು, ಹಾಗೆ ಹೊರಗಿನಿಂದ ಬಂದು ಸೇರಿದ ಭಾಗದ ಜತ್ತಿಯವರು ಎಸ್. ನಿಜಲಿಂಗಪ್ಪನವರ ನಂತರ ಮುಖ್ಯಮಂತ್ರಿಯಾದರು. 1962ರ ಮಾರ್ಚ್‌ವರೆಗೆ ಆ ಸ್ಥಾನದಲ್ಲಿದ್ದರು.

ಆಗಿನ ಮೈಸೂರು ರಾಜ್ಯದಲ್ಲಿ ಗೇಣಿದಾರನಿಗೆ ಒಂದೊಂದು ಕಡೆ ಒಂದೊಂದು ಕಾನೂನು. ಬೆಳಗಾವಿ, ವಿಜಾಪುರಗಳಲ್ಲಿ ಮುಂಬಯಿಯದು, ಕಲಬುರಗಿ, ರಾಯಚೂರುಗಳಲ್ಲಿ ಹೈದರಾಬಾದಿನದು, ದಕ್ಷಿಣ ಕನ್ನಡ, ಕೊಳ್ಳೇಗಾಲಗಳಲ್ಲಿ ಮದ್ರಾಸಿನದು, ಹಳೆ ಮೈಸೂರಿನಲ್ಲಿ ಬೇರೆ, ಕೊಡಗಿನಲ್ಲಿ ಬೇರೆ. ಇಡೀ ರಾಜ್ಯಕ್ಕೆ ಒಂದೇ ಭೂಸುಧಾರಣಾ ಕಾಯಿದೆ ಬೇಕೆಂದು 1957ರಲ್ಲಿ ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಅದರ ಶಿಫಾರಸಿನ ತಳಹದಿಯ ಮೇಲೆ 1961ರ ಮೈಸೂರು ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದು ಗೇಣಿ ಪದ್ಧತಿಯನ್ನು ಬೇರುಸಹಿತ ಕೀಳಲಿಲ್ಲ. ಆ ಕೆಲಸಕ್ಕೆ 1974ರ ದೇವರಾಜ ಅರಸರ ತಿದ್ದುಪಡಿಯೇ ಬರಬೇಕಾಯಿತು. ಆದರೆ ಅರಸರು ತಿದ್ದಿದ್ದು ಯಾವ ಕಾಯಿದೆಯನ್ನು? ಜತ್ತಿ ಸಮಿತಿಯಿಂದ ಹುಟ್ಟಿದ ಕಾಯಿದೆಯನ್ನು. ಮೊದಲು ಎಲ್ಲರಿಗೂ ಒಂದೇ ಕಾನೂನಾದ್ದರಿಂದಲೇ ಆಮೇಲೆ ಎಲ್ಲರಿಗೂ ಒಟ್ಟಿಗೆ ನ್ಯಾಯ ಕೊಡಲು ಸಾಧ್ಯವಾಯಿತು.

ಮುಖ್ಯಮಂತ್ರಿ ಸ್ಥಾನ ಹೋದ ಮೇಲೆ ಮುನಿಸಿಕೊಂಡು ಕೂರದೆ, ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿ ದುಡಿದರು. 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ವಚನ ಸಾಹಿತ್ಯವನ್ನು ಕನ್ನಡದಾಚೆಗೂ ಒಯ್ಯುವ ಕೆಲಸವನ್ನು ಆ ಸಂಸ್ಥೆ ಇಂದಿಗೂ ಮಾಡುತ್ತಿದೆ. 1968ರಲ್ಲಿ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒಡಿಶಾದ ರಾಜ್ಯಪಾಲ, 1974ರ ಆಗಸ್ಟ್ 31ರಂದು ಭಾರತದ ಉಪರಾಷ್ಟ್ರಪತಿ. ಪುರಸಭೆಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಅಲ್ಲಿಗೆ ತಲುಪಿದವರು ಅವರು.

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. 1977ರ ಜನವರಿಯಲ್ಲಿ ಇಂದಿರಾ ಗಾಂಧಿ ಲೋಕಸಭಾ ಚುನಾವಣೆ ಘೋಷಿಸಿದರು. ಪ್ರಚಾರ ಕಾವೇರಿದ್ದಾಗಲೇ, ಫೆಬ್ರುವರಿ 11ರಂದು ಅಹ್ಮದ್ ಹೃದಯಾಘಾತದಿಂದ ನಿಧನರಾದರು. ಅದೇ ದಿನ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ವಿರೋಧ ಪಕ್ಷಗಳ ನಾಯಕರು ಜೈಲಿನಿಂದ ಬಿಡುಗಡೆಯಾಗಿ ಕೆಲವೇ ವಾರಗಳಾಗಿದ್ದವು, ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು.

ಮಾರ್ಚ್‌ನಲ್ಲಿ ಮತ ಎಣಿಕೆಯಾದಾಗ ಇಂದಿರಾ ಗಾಂಧಿಯವರೇ ಸೋತಿದ್ದರು. ಮಾರ್ಚ್ 21ರಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡ ಆದೇಶ ಹೊರಬಿದ್ದದ್ದು ಹಂಗಾಮಿ ರಾಷ್ಟ್ರಪತಿ ಜತ್ತಿಯವರ ಹೆಸರಿನಲ್ಲಿ. ಮರುದಿನ ಪ್ರಧಾನಿಯ ರಾಜೀನಾಮೆ ಸ್ವೀಕರಿಸಿದವರು ಅವರು. ಮಾರ್ಚ್ 24ರಂದು ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಆ ಪ್ರಧಾನಿ ಮೊರಾರ್ಜಿ ದೇಸಾಯಿ. ಕಾಲು ಶತಮಾನದ ಹಿಂದೆ ಮುಂಬಯಿಯಲ್ಲಿ ಯಾರ ಕೈಕೆಳಗೆ ಉಪಮಂತ್ರಿಯಾಗಿದ್ದರೋ ಅವರಿಗೇ ಜತ್ತಿಯವರು ರಾಷ್ಟ್ರಪತಿಯ ಸ್ಥಾನದಲ್ಲಿ ನಿಂತು ಪ್ರಮಾಣವಚನ ಬೋಧಿಸಿದರು.

ಕಠಿಣ ಪರೀಕ್ಷೆ ಬಂದದ್ದು ಏಪ್ರಿಲ್‌ನಲ್ಲಿ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಪಶ್ಚಿಮ ಬಂಗಾಳ ಮೊದಲಾದ ಒಂಬತ್ತು ರಾಜ್ಯಗಳಲ್ಲಿ ಕಾಂಗ್ರೆಸ್ ಸರ್ಕಾರಗಳಿದ್ದವು, ಆದರೆ ಲೋಕಸಭೆಗೆ ಅಲ್ಲಿನ ಜನ ಕಾಂಗ್ರೆಸ್ಸನ್ನು ಸೋಲಿಸಿದ್ದರು. ಆ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಹೊಸ ಸರ್ಕಾರ ನಿರ್ಧರಿಸಿತು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ, ಏಕೆಂದರೆ ಇಲ್ಲಿ 28ರಲ್ಲಿ 26 ಸ್ಥಾನ ಕಾಂಗ್ರೆಸ್ ಗೆದ್ದಿತ್ತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಅವರ ಅರ್ಜಿಗಳನ್ನು ವಜಾ ಮಾಡಿತು. ಸಂಪುಟದ ಸಲಹೆ ಜತ್ತಿಯವರ ಮುಂದೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು. ಮರುದಿನ, ಏಪ್ರಿಲ್ 30ರಂದು ಸಹಿ ಹಾಕಿದರು.

ವಿಧಾನಸಭೆಗಳನ್ನು ವಿಸರ್ಜಿಸಲು ಹೊಸ ಸರ್ಕಾರ ತೋರಿದ ಆತುರಕ್ಕೆ ಇನ್ನೊಂದು ಕಾರಣವೂ ಇತ್ತು. ರಾಷ್ಟ್ರಪತಿಯ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಚುನಾವಣೆ ನಡೆಯಲೇಬೇಕೆಂದು ಸಂವಿಧಾನದ 62ನೇ ವಿಧಿ ಹೇಳುತ್ತದೆ. ಅಂದರೆ ಆಗಸ್ಟ್ 11ರೊಳಗೆ. ಆ ಚುನಾವಣೆಯಲ್ಲಿ ಮತ ಹಾಕುವವರಲ್ಲಿ ಶಾಸಕರೂ ಇದ್ದಾರೆ. ಹಳೆಯ ವಿಧಾನಸಭೆಗಳು ಉಳಿದಿದ್ದರೆ ಹೊಸ ರಾಷ್ಟ್ರಪತಿಯನ್ನು ಹಳೆಯ ಶಾಸಕರೇ ಆರಿಸಬೇಕಾಗುತ್ತಿತ್ತು. ಹೀಗೆ ಜತ್ತಿಯವರ ಆ ಒಂದು ಸಹಿಯ ಮೇಲೆ ಒಂಬತ್ತು ರಾಜ್ಯಗಳ ಭವಿಷ್ಯದ ಜೊತೆಗೆ ಮುಂದಿನ ರಾಷ್ಟ್ರಪತಿ ಯಾರೆಂಬುದೂ ನಿಂತಿತ್ತು. ಆ ಒಂದು ದಿನದ ತಡೆಯನ್ನು ಕೆಲವರು ಪಕ್ಷನಿಷ್ಠೆ ಎಂದು ಟೀಕಿಸಿದರು. ನನಗೆ ಹಾಗೆನಿಸುವುದಿಲ್ಲ. 1976ರ 42ನೇ ತಿದ್ದುಪಡಿಯ ನಂತರ ಸಂಪುಟದ ಸಲಹೆಯಂತೆ ನಡೆಯುವುದು ರಾಷ್ಟ್ರಪತಿಗೆ ಕಡ್ಡಾಯವಾಗಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅವಕಾಶ ಸ್ಪಷ್ಟವಾಗಿ ಬಂದದ್ದು 1978ರ 44ನೇ ತಿದ್ದುಪಡಿಯಲ್ಲಿ. ಇಷ್ಟು ದೊಡ್ಡ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ದಿನ ತಡೆದು ಯೋಚಿಸುವುದು ವಿವೇಕ. ಯೋಚಿಸಿದ ಮೇಲೆ ಕಾನೂನಿಗೆ ತಲೆಬಾಗುವುದು ಕರ್ತವ್ಯ. ಅವರು ಎರಡನ್ನೂ ಮಾಡಿದರು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. ಟೈಲರ್ ಪೂರ್ಣ ಅಧ್ಯಕ್ಷ, ಜತ್ತಿಯವರು ಹಂಗಾಮಿ ಏಕೆ? ಅಮೆರಿಕದಲ್ಲಿ ಅಧ್ಯಕ್ಷ, ಉಪಾಧ್ಯಕ್ಷರು ಜೋಡಿಯಾಗಿ ಒಂದೇ ಚುನಾವಣೆಯಲ್ಲಿ ಗೆಲ್ಲುತ್ತಾರೆ. ಒಬ್ಬರಿಗೆ ಸಿಕ್ಕ ಜನಾದೇಶವೇ ಇನ್ನೊಬ್ಬರಿಗೂ. ಹಾಗಾಗಿ ಉಳಿದ ಅವಧಿಯನ್ನು ಉಪಾಧ್ಯಕ್ಷರೇ ಮುಗಿಸುವುದು ಅಲ್ಲಿಗೆ ಹೊಂದುತ್ತದೆ. ನಮ್ಮಲ್ಲಿ ಹಾಗಲ್ಲ. ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ಚುನಾಯಿತ ಶಾಸಕರು. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ ಸದಸ್ಯರು ಮಾತ್ರ. ನಿಮ್ಮ ಹನೂರು ಕ್ಷೇತ್ರದ ಶಾಸಕರಿಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಮತವಿದೆ, ಕರ್ನಾಟಕದ ಪ್ರತಿ ಶಾಸಕರ ಮತಕ್ಕೆ 131ರ ಮೌಲ್ಯವಿದೆ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಅವರಿಗೆ ಮತವೇ ಇಲ್ಲ. ರಾಜ್ಯಗಳ ಒಪ್ಪಿಗೆ ಪಡೆಯದ ಒಬ್ಬರು ವರ್ಷಗಟ್ಟಲೆ ರಾಷ್ಟ್ರಪತಿಯಾಗಿ ಉಳಿದರೆ ಒಕ್ಕೂಟದ ಲೆಕ್ಕ ತಪ್ಪುತ್ತದೆ. ಅದಕ್ಕೇ 65ನೇ ವಿಧಿ ಹೊಸಬರು ಬರುವವರೆಗೆ ಮಾತ್ರ ಉಪರಾಷ್ಟ್ರಪತಿಗೆ ಆ ಕೆಲಸ ವಹಿಸುತ್ತದೆ. ಹೊಸದಾಗಿ ಆರಿಸಿ ಬಂದವರಿಗೆ ಪೂರ್ತಿ ಐದು ವರ್ಷದ ಅವಧಿ ಸಿಗುತ್ತದೆ. 1969ರಲ್ಲಿ ಜಾಕಿರ್ ಹುಸೇನ್ ನಿಧನರಾದಾಗ ವಿ. ವಿ. ಗಿರಿ, ಅವರ ಹಿಂದೆಯೇ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಹೀಗೆಯೇ ಹಂಗಾಮಿಯಾಗಿದ್ದರು. ಗಿರಿಯವರಿಗೆ ಸಂಖ್ಯೆ ಸಿಕ್ಕಿದ್ದು ಆಮೇಲೆ ಚುನಾವಣೆ ಗೆದ್ದದ್ದಕ್ಕೆ.

ಆದರೆ ಹಂಗಾಮಿ ಎಂದರೆ ಅರೆ ಅಧಿಕಾರ ಎಂದು ತಿಳಿಯಬೇಡಿ. ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯರು ಸಹಿ ಹಾಕಿದ ವರ್ಗಾವಣೆ ಪತ್ರ ಹೇಗೆ ಎಲ್ಲ ಕಡೆ ನಡೆಯುತ್ತದೋ ಹಾಗೆ, ಹಂಗಾಮಿ ರಾಷ್ಟ್ರಪತಿಗೂ ರಾಷ್ಟ್ರಪತಿಯ ಸಕಲ ಅಧಿಕಾರಗಳಿವೆ ಎಂದು ಅದೇ 65ನೇ ವಿಧಿ ಹೇಳುತ್ತದೆ. ಸೀಮಿತವಾದದ್ದು ಅವಧಿ ಮಾತ್ರ.

1977ರ ಜುಲೈ 25ರಂದು, ಅವಿರೋಧವಾಗಿ ಆಯ್ಕೆಯಾದ ನೀಲಂ ಸಂಜೀವ ರೆಡ್ಡಿಯವರಿಗೆ ಸ್ಥಾನ ಒಪ್ಪಿಸಿ ಜತ್ತಿಯವರು ಉಪರಾಷ್ಟ್ರಪತಿಯ ಕೆಲಸಕ್ಕೆ ಮರಳಿದರು. 1979ರಲ್ಲಿ ಅವಧಿ ಮುಗಿದ ಮೇಲೆ ಬಸವ ಸಮಿತಿಯ ಕೆಲಸದಲ್ಲಿ ತೊಡಗಿ, 2002ರ ಜೂನ್ 7ರಂದು ಬೆಂಗಳೂರಿನಲ್ಲಿ ನಿಧನರಾದರು. ಟೈಲರ್ ಕಾನೂನು ಅಸ್ಪಷ್ಟವಾಗಿದ್ದ ಕಡೆ ಗಟ್ಟಿಯಾಗಿ ನಿಂತು ಒಂದು ದೇಶಕ್ಕೆ ಪದ್ಧತಿ ಹಾಕಿಕೊಟ್ಟರು. ಅದು ಸಣ್ಣ ಸಾಧನೆಯಲ್ಲ. ಜತ್ತಿಯವರು ಕಾನೂನು ಸ್ಪಷ್ಟವಾಗಿದ್ದ ಕಡೆ ಅದರ ಗೆರೆಯೊಳಗೇ ನಿಂತು, ಒಂದು ಸರ್ಕಾರ ಹೋಗಿ ಇನ್ನೊಂದು ಬರುವ ಕಾಲದಲ್ಲಿ ದೇಶ ಎಡವದಂತೆ ನೋಡಿಕೊಂಡರು. ತುರ್ತು ಪರಿಸ್ಥಿತಿಯಿಂದ ಆಗಷ್ಟೇ ಹೊರಬಂದ ದೇಶಕ್ಕೆ ಬೇಕಾಗಿದ್ದದ್ದು ಈ ಎರಡನೆಯ ಗುಣ ಎಂದು ನಾನು ನಂಬುತ್ತೇನೆ.

ಪಟ್ಟಿಯಲ್ಲಿ ಐದನೆಯ ಅಹ್ಮದ್ ಮತ್ತು ಆರನೆಯ ರೆಡ್ಡಿಯವರ ನಡುವೆ ಜತ್ತಿಯವರ ಹೆಸರನ್ನು ಸಂಖ್ಯೆ ಇಲ್ಲದೆಯೇ, ದಿನಾಂಕಗಳೊಂದಿಗೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಿ. ಜತ್ತಿಯವರು ಸ್ಥಾನ ಒಪ್ಪಿಸಿದ ಆ ಜುಲೈ 25ರಿಂದಲೇ ಐದೈದು ವರ್ಷದ ಲೆಕ್ಕ ಹೊಸದಾಗಿ ಶುರುವಾಯಿತು. ಅಂದಿನಿಂದ ಇಂದಿನವರೆಗೆ ಪ್ರತಿಯೊಬ್ಬ ರಾಷ್ಟ್ರಪತಿಯೂ ಪ್ರಮಾಣವಚನ ಸ್ವೀಕರಿಸಿರುವುದು ಜುಲೈ 25ರಂದೇ. ದ್ರೌಪದಿ ಮುರ್ಮು ಅವರ ಅವಧಿಯೂ ಅದೇ ಲೆಕ್ಕದಲ್ಲಿ 2027ರ ಜುಲೈನಲ್ಲಿ ಮುಗಿಯುತ್ತದೆ. ಅದಕ್ಕೂ ಮುನ್ನ ನಡೆಯುವ ಚುನಾವಣೆಯಲ್ಲಿ ಹನೂರಿನ ಶಾಸಕರು ಮತ ಹಾಕುವಾಗ, ಆ ದಿನಾಂಕ ಎಲ್ಲಿಂದ ಬಂತು, ಆ ಮತದ ಹಕ್ಕು ಶಾಸಕರಿಗೆ ಏಕಿದೆ ಎಂಬ ಎರಡೂ ಪ್ರಶ್ನೆಗಳಿಗೆ ಬಂಡಳ್ಳಿಯ ಮಕ್ಕಳ ಬಳಿ ಉತ್ತರವಿರಲಿ.